ನಡುಮಧ್ಯಾಹ್ನದ ಹೆಡ್‌ಲೈಟ್

ಯುದ್ಧ ಬಂದಾಗ, ಅಪ್ಪನ ಕೆಲಸಕ್ಕೂ ಇಕಾಮಾ ಎಂಬ ವಾಸದ ಪರವಾನಗಿಗೂ ಹೊಣೆಯಾಗಿದ್ದ ಕಫೀಲ್ ಅವರ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ತಾನು ಮಾತ್ರ ಪಾರಾದ. ಅದು ಅನ್ಯಾಯ. ನಾವು ಕುವೈತಿನಲ್ಲೇ ಸಿಕ್ಕಿಬಿದ್ದೆವು.

ಮೊನ್ನೆ ಜಪಾನಿನ ಉತ್ತರದ ದ್ವೀಪದಲ್ಲಿ ಕಾರು ಓಡಿಸುತ್ತಿದ್ದಾಗ, ಹೊಗೆಯಾಡುವ ಬೆಟ್ಟದಿಂದ ಗಂಧಕದ ವಾಸನೆ ಬಂತು. ನನ್ನ ಕೈ ತಾನಾಗಿಯೇ ಹೆಡ್‌ಲೈಟ್ ಹಾಕಿತು.

ಆ ಯುದ್ಧದಲ್ಲಿ ಎಣ್ಣೆಬಾವಿಗಳು ಉರಿದು ಹೊಗೆಗೆ ಹಗಲೇ ಕತ್ತಲಾದಾಗ, ಅಪ್ಪ ನಡುಮಧ್ಯಾಹ್ನ ಹಾಗೆ ಹಾಕುತ್ತಿದ್ದರು. ಇದ್ದ ಒಂದೇ ಒದ್ದೆ ಬಟ್ಟೆಯನ್ನು ನನ್ನ ಮೂಗಿಗೆ ಕಟ್ಟಿ, ತಾವು ಕೆಮ್ಮುತ್ತಾ, "ಹೆದರ್ಬೇಡ ಮಾರಾಯ್ತಿ, ಸೂರ್ಯನ ಇಕಾಮಾ ಮುಗಿದಿದೆ ಅಷ್ಟೆ. ನಾಳೆ ರಿನ್ಯೂ ಆಗ್ತದೆ" ಎನ್ನುತ್ತಿದ್ದರು.

ಆ ಕೆಮ್ಮು ವಾಸಿಯಾಗಲಿಲ್ಲ. ನಾನು ಶಾಲೆ ಮುಗಿಸುವ ಮೊದಲೇ ಅಪ್ಪ ಹೋದರು.

ಕುವೈತಿನಲ್ಲಿ ಇಂದಿಗೂ ಪಾಸ್‌ಪೋರ್ಟುಗಳು ಬೀರುಗಳಲ್ಲಿವೆ. ನಿಮ್ಮದೂ ಇದ್ದರೆ ಬನ್ನಿ, ಒಟ್ಟಿಗೆ ಹೋಗಿ ವಾಪಸ್ ಕೇಳೋಣ. ನಾನು ಕುವೈತಿಗೆ ಮರಳುತ್ತಿದ್ದೇನೆ; ಬರುವ ಶುಕ್ರವಾರ ಸಂಜೆ ನಾಲ್ಕಕ್ಕೆ, ಅಲ್ಲಿನ ಶುವೈಖ್‌ನಲ್ಲಿ ಅಪ್ಪ ದುಡಿದ ಗ್ಯಾರೇಜಿನ ಮುಂದೆ ನಿಂತಿರುತ್ತೇನೆ.