ಶಂಕ್ರೆವ್ವ ಹಂಚು ಪಳಗಿಸಿದ್ದು

ತಿಕೋಟಾದ ಶಂಕ್ರೆವ್ವನಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ; ಅವನ ಜೊತೆ ಮಾತಾಡುತ್ತ ಕೂರಲು ಪುರುಸೊತ್ತು ಇರಲಿಲ್ಲ, ಅಷ್ಟೆ. ೧೯೫೭ರ ಬೇಸಿಗೆಯಲ್ಲಿ ಎತ್ತು ತರುತ್ತೇನೆಂದು ಸೊಲ್ಲಾಪುರದ ದಾರಿ ಹಿಡಿದ ಗಂಡ ಬಸಗೊಂಡಪ್ಪ ತಿರುಗಿ ಬಂದಿರಲಿಲ್ಲ. ಸೋಮವಾರ ಉಪವಾಸ ಹಿಡಿದರೆ ಬರುತ್ತಾನೆ ಎಂದು ಓಣಿಯ ಹೆಂಗಸರು ಹೇಳಿದರು. "ಅಂವ ಎಲ್ಲೋ ಉಂಡು ಅಡ್ಡಾಡಾಕತ್ತಾನ, ನಾ ಯಾಕ ಉಪಾಸ ಇರ್ಲಿ ಬೇ?" ಎಂದು ಅವರ ಎದುರೇ ರೊಟ್ಟಿ ಮುರಿದಳು.

ಹೊಟ್ಟೆಪಾಡಿಗೆ ಅವಳು ಆರಿಸಿಕೊಂಡದ್ದು ಬಬಲೇಶ್ವರದ ಸಂತೆಯಲ್ಲಿ ದಪಾಟಿ ಸುಡುವ ಕೆಲಸ. ಜೋಳದ ಹಿಟ್ಟಿಗೆ ಕಡಲೆ ಹಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆ ಕಲಸಿ ಕೈಯಲ್ಲಿ ತಟ್ಟುವ ದಪಾಟಿ ಮನೆಮನೆಯಲ್ಲೂ ಆಗುತ್ತಿತ್ತು. ಆದರೆ ಮನೆಯ ಹಂಚಿನ ಮೇಲೆ ಒಂದೊಂದೇ ಸುಡುತ್ತ ಕೂತರೆ ಸಂತೆಯ ಜನಕ್ಕೆ ಬಸ್ಸೂ ತಪ್ಪುತ್ತದೆ, ಹಸಿವೂ ಸತ್ತುಹೋಗುತ್ತದೆ. ಹಾಗಾಗಿ ಅವಳು ವಿಜಾಪುರಕ್ಕೆ ಹೋಗಿ, ಗುಜರಿ ಲಾಡಲೇಸಾಬನ ಅಂಗಡಿಯಲ್ಲಿ ಬಿದ್ದಿದ್ದ ಮುರುಕು ಲಾರಿಯ ದಪ್ಪ ಕಬ್ಬಿಣದ ಹಾಳೆ ತೋರಿಸಿದಳು.

"ಇದರ ಮ್ಯಾಲ ಮಲಗಾಕಿ ಏನ್ ಬೇ?" ಎಂದ ಅವನು.

"ನಿನ್ನ ಮಲಗಿಸಿ ಸುಡಾಕಿ. ಸುಮ್ಮನ ಕತ್ತರಿಸು."

ಸಂತೆಯ ಬಯಲಲ್ಲಿ ಕಲ್ಲು ಹೂಡಿ, ತೊಗರಿ ಕಟ್ಟಿಗೆಯ ಬೆಂಕಿ ಹಾಕಿ ಹಾಳೆಯನ್ನು ಏರಿಸಿದಳು. ಹಳೆಯ ಬಣ್ಣ, ಗ್ರೀಸು ಸುಟ್ಟು ಎದ್ದ ಹೊಗೆಗೆ ಕುರಿ ಮಾರುವವರು ಕುರಿ ಬಿಟ್ಟು ಓಡಿದರು. ಮೊದಲ ದಪಾಟಿ ಗೋಡೆಗೆ ಮೆತ್ತಿದ ಗಾರೆಯಂತೆ ಹಿಡಿದು ಕೂತಿತು. ಕೆತ್ತಿ ತೆಗೆದು ನಾಯಿಗೆ ಹಾಕಿದರೆ ಅದು ಮೂಸಿ, ಅವಳ ಮುಖ ನೋಡಿ, ಮುಂದೆ ಹೋಯಿತು. ಎಣ್ಣೆ ಜಾಸ್ತಿ ಸುರಿದಳು. ಹಂಚು ಬೆಲ್ಲದ ಪಾಕದಂತೆ ಅಂಟಂಟಾಯಿತು. ಮತ್ತೆ ಸುಟ್ಟಳು, ಮತ್ತೆ ಉಜ್ಜಿದಳು. ಕೊನೆಗೆ ಅರ್ಧ ಉಳ್ಳಾಗಡ್ಡಿಯನ್ನು ಕಡ್ಡಿಗೆ ಚುಚ್ಚಿ, ಕುಸುಬಿ ಎಣ್ಣೆಯಲ್ಲಿ ಅದ್ದಿ, ಹಚ್ಚಿದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರುವುದನ್ನು ಕಲಿತಳು. ಮುಂದಿನ ಸುಗ್ಗಿಯ ಹೊತ್ತಿಗೆ ಹಂಚು ಕೆರೆಯಿಂದ ಎದ್ದ ಎಮ್ಮೆಯ ಬೆನ್ನಿನಂತೆ ಕರ್ರಗೆ ಮಿಂಚುತ್ತಿತ್ತು. ಕೆರೆದರೂ ಏಳದ ಹಿಟ್ಟು ಈಗ ಊದಿದರೆ ಜಾರುತ್ತಿತ್ತು. ಅವಳು ಅದನ್ನು ಒರೆಸುತ್ತಿದ್ದಳೇ ಹೊರತು ಎಂದೂ ತೊಳೆಯುತ್ತಿರಲಿಲ್ಲ. ಹೊತ್ತು ತರುವುದು ಆಗದ ಮಾತಾದ್ದರಿಂದ, ಸಂತೆ ಮುಗಿದ ಮೇಲೆ ಪಕ್ಕದ ಅರಿವೆ ಅಂಗಡಿಯ ಶಿವಯೋಗೆಪ್ಪನ ಕಟ್ಟೆಗೆ ಆನಿಸಿಟ್ಟು ಬಸ್ಸು ಹತ್ತುತ್ತಿದ್ದಳು.

ಶಿವಯೋಗೆಪ್ಪ ಬಹಳ ಭಕ್ತಿವಂತ. ೧೯೬೩ರಲ್ಲಿ ಅವನ ಕಟ್ಟೆಗೆ ಒಬ್ಬ ಮೌನಿ ಸ್ವಾಮಿ ಬಂದು ಕೂತ. ಎದೆಯವರೆಗೆ ಗಡ್ಡ, ಮೈತುಂಬ ಬೂದಿ, ಬಾಯಲ್ಲಿ ಮಾತಿಲ್ಲ. ಅರ್ಥ ಹೇಳುವ ಹೊಣೆ ಶಿವಯೋಗೆಪ್ಪನದು. ಸ್ವಾಮಿ ತೇಗಿದರೆ ಈ ಸಲ ಮಳೆ ಚೆನ್ನಾಗಿದೆ ಎಂದರ್ಥ. ಕೆರೆದುಕೊಂಡರೆ ಸಂಸಾರ ನಶ್ವರ.

ಒಂದು ಸಂತೆಯ ಹಿಂದಿನ ದಿನ ಸ್ವಾಮಿ ಶಂಕ್ರೆವ್ವನ ಹಂಚಿನ ಕಡೆ ಬೆರಳು ತೋರಿಸಿ ಮುಖ ಹಿಂಡಿದ. ಶಿವಯೋಗೆಪ್ಪನಿಗೆ ತಕ್ಷಣ ಹೊಳೆಯಿತು: ಇದು ಮೈಲಿಗೆ! ಆಳುಗಳನ್ನು ಕರೆದು, ಬೂದಿ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಸಂಜೆಯವರೆಗೂ ತಿಕ್ಕಿಸಿದ.

ಮರುದಿನ ಶಂಕ್ರೆವ್ವ ಬಂದು ನೋಡಿದರೆ ಹಂಚಿನಲ್ಲಿ ಅವಳ ಮುಖ ಕಾಣುತ್ತಿತ್ತು.

"ಯಾವ ಭಾಡ್ಯಾ ತಿಕ್ಯಾನ ಇದನ್ನ?"

"ಸ್ವಾಮಿಗಳ ಅಪ್ಪಣಿ ಆತು ನೋಡವ್ವಾ," ಎಂದ ಶಿವಯೋಗೆಪ್ಪ. "ಮೈಲಿಗಿ ಹೋತು, ಪುಣ್ಯ ಬಂತು."

"ಪುಣ್ಯದ ಮ್ಯಾಲ ದಪಾಟಿ ಏಳ್ತಾವೇನ್ರಿ?"

ಏಳಲಿಲ್ಲ. ಮೊದಲನೆಯದು ಹಿಡಿಯಿತು, ಎರಡನೆಯದು ಹರಿಯಿತು, ಮೂರನೆಯದು ಹೊತ್ತಿತು. ಗಿರಾಕಿಗಳು ನಗತೊಡಗಿದರು. ಶಂಕ್ರೆವ್ವನ ಬಾಯಿಂದ ಹೊರಟ ಬೈಗುಳ ಸಂತೆಯ ಆ ತುದಿಯ ದನದವರಿಗೂ ಕೇಳಿಸಿತು. ಅಂಜಿದ ಶಿವಯೋಗೆಪ್ಪ ಸ್ವಾಮಿಯನ್ನು ರಟ್ಟೆ ಹಿಡಿದು ಕರೆತಂದ. "ಅಪ್ಪಾರು ಹಸ್ತ ಇಟ್ಟರ ಎಲ್ಲಾ ಸರಿ ಆಗ್ತೈತಿ."

"ಇಡ್ರಿ, ಇಡ್ರಿ," ಎಂದಳು ಶಂಕ್ರೆವ್ವ, ಬೆಂಕಿಗೆ ಇನ್ನೆರಡು ಕಟ್ಟಿಗೆ ನೂಕುತ್ತ.

ಸ್ವಾಮಿ ತಲೆ ಅಲ್ಲಾಡಿಸಿದ. ಕೈಯನ್ನು ಹಂಚಿನಿಂದ ಎತ್ತರದಲ್ಲೇ ಹಿಡಿದ. ಅದು ಸಾಲದೆನ್ನಿಸಿ ಶಿವಯೋಗೆಪ್ಪ ಭಕ್ತಿಯಿಂದ ಆ ಮಣಿಕಟ್ಟನ್ನು ಕೆಳಗೆ ಒತ್ತಿದ.

"ಯಪ್ಪಾ! ಸುಟ್ಟಿತಲ್ಲೇ ಶಂಕ್ರೀ!"

ಕೂಗಿದ್ದು ಮೌನಿ ಸ್ವಾಮಿ. ಆ ದನಿಯನ್ನು ಅವಳು ಗಡ್ಡದೊಳಗಿಂದಲೂ ಗುರುತಿಸಿದಳು. ಬಸಗೊಂಡಪ್ಪ! ಅವನ ಕೈಯನ್ನು ಎಳೆದು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಹಾಗೇ ಹಿಡಿದುಕೊಂಡೇ ಕೇಳಿದಳು:

"ಎತ್ತು ಎಲ್ಲೈತಿ?"

"ಸಿಗಲಿಲ್ಲ," ಎಂದ ಅವನು.

ಸೊಲ್ಲಾಪುರದಲ್ಲಿ ಕಳ್ಳರು ಅವನನ್ನು ಬರಿಗೈ ಮಾಡಿದ್ದರು. ಬರಿಗೈಯಲ್ಲಿ ಅವಳೆದುರು ಬರಲು ಅಂಜಿ ಒಂದು ಗುಡಿಯ ಕಟ್ಟೆಯ ಮೇಲೆ ಕೂತ. ಬಾಯಿ ಬಿಡದೆ ಕೂತರೆ ಜನ ಕರೆದು ಉಣಿಸುತ್ತಾರೆ ಎಂದು ತಿಳಿಯಿತು. ಅಷ್ಟೇ ಅವನ ಸಾಧನೆ. ಬಬಲೇಶ್ವರದಲ್ಲಿ ಹೆಂಡತಿ ಕಂಡಾಗಲೂ ಗಡ್ಡದ ಮೇಲೆ ಭರವಸೆ ಇಟ್ಟು ಕೂತೇ ಇದ್ದ.

"ಮತ್ತ ನನ್ನ ಹಂಚು ಯಾಕ ತಿಕ್ಕಿಸಿದಿ?"

"ನಾ ಎಲ್ಲಿ ತಿಕ್ಕಿಸಿದೆ? ಹಂಚಿನಿಂದ ದಪಾಟಿ ವಾಸನಿ ಬಂತು. ಹಸಿವಿ ಆಗಿತ್ತು, ಬೆರಳ ಮಾಡಿ ತೋರಿಸಿದೆ."

ಎಲ್ಲರೂ ಶಿವಯೋಗೆಪ್ಪನ ಕಡೆ ತಿರುಗಿದರು. ಅವನಿಗೆ ಅಂಗಡಿಯೊಳಗೆ ಏನೋ ಕೆಲಸ ನೆನಪಾಯಿತು.

ಶಂಕ್ರೆವ್ವನಿಗೆ ಗಂಡನ ಬೆನ್ನಿಗೆ ಸೌಟಿನಿಂದ ನಾಲ್ಕು ಬಾರಿಸಬೇಕೆನ್ನಿಸಿತು. ಆದರೆ ಆ ಬೆನ್ನಿನಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಅದು ಅವಳ ಕಣ್ಣಿಗೆ ಬಿತ್ತು, ಬಿದ್ದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗಂಡ ಹೋದ ಸಿಟ್ಟು ಹಳೆಯದು, ಹಂಚಿನ ಸಿಟ್ಟು ಹಸಿಯದು. ಅವನ ಹೆಗಲ ಮೇಲಿದ್ದ ಕಾವಿ ಶಾಲನ್ನು ಎಳೆದುಕೊಂಡು ಪರ್ರೆಂದು ಹರಿದು, ಒಂದು ಚೂರನ್ನು ಎಣ್ಣೆಯಲ್ಲಿ ಅದ್ದಿ ಅವನ ಒಳ್ಳೆಯ ಕೈಗೆ ಕೊಟ್ಟಳು.

"ತೆಳ್ಳಗ ಹಚ್ಚು. ಹೊಗಿ ಬರೂತನಕ ಕಾಯಿ. ಆರಿದ ಮ್ಯಾಲ ಮತ್ತ ಹಚ್ಚು."

"ಎಲ್ಲಿತನಕ?"

"ಕರ್ರಗ ಆಗೂತನಕ."

ಮುದುಕಿಯೊಬ್ಬಳು ಕಾವಿ ಬಟ್ಟೆಗೆ ಹೀಗೆ ಮಾಡಬಾರದು ಎಂದಳು. "ಇಷ್ಟ ದಿನದಾಗ ಇವತ್ತ ಉಪಯೋಗಕ್ಕ ಬಂದೈತಿ, ಬಿಡ್ರಿ," ಎಂದಳು ಶಂಕ್ರೆವ್ವ. ಸಂಜೆಯ ಹೊತ್ತಿಗೆ ಹಂಚು ಬಿಳುಪಿನಿಂದ ಜೇನಿನ ಬಣ್ಣಕ್ಕೆ ತಿರುಗಿತು, ಬಸಗೊಂಡಪ್ಪ ಬೂದಿಯಿಂದ ಮಸಿಗೆ.

ಅವಳು ಅವನನ್ನು ಕೂಡಲೇ ಮನೆಗೆ ಸೇರಿಸಲಿಲ್ಲ. ಆ ಮಳೆಗಾಲವೆಲ್ಲ ಅವನು ಜಗಲಿಯಲ್ಲೇ ಮಲಗಿದ, ಉಳ್ಳಾಗಡ್ಡಿ ಹೆಚ್ಚಿದ. ಹೆಚ್ಚುವಾಗ ಸುರಿದ ಕಣ್ಣೀರನ್ನು ಕಂಡು ಒಬ್ಬಿಬ್ಬರು ಹಳೆಯ ಭಕ್ತರು ಲೋಕದ ದುಃಖಕ್ಕೆಂದು ತಿಳಿದು ಕಾಲಿಗೆ ಬಿದ್ದರು. ಅವರಿಗೂ ದಪಾಟಿ ಕಟ್ಟಿಕೊಟ್ಟಳು ಶಂಕ್ರೆವ್ವ. ಚಳಿ ಬಂದಾಗ, "ಬಾಗಲಾಗ ಬಿದ್ದು ಯಾಕ ಅಡ್ಡ ಆಗ್ತಿ, ಒಳಗ ಬಾ," ಎಂದಳು.

ಎರಡು ವರ್ಷದ ಮೇಲೆ ಒಂದು ಸಂತೆಯ ದಿನ ಅವಳಿಗೆ ಜ್ವರ ಬಂತು. ಬಸಗೊಂಡಪ್ಪ ತಾನೊಬ್ಬನೇ ಹೋಗಿ ಬೆಂಕಿ ಹೂಡಿದ. ಮನೆಯಲ್ಲಿ ಮಲಗಲಾಗದೆ ಅವಳು ಕಂಬಳಿ ಹೊದ್ದು ಮಧ್ಯಾಹ್ನದ ಬಸ್ಸಿಗೆ ಬಂದಳು. ಹಂಚಿನ ಸುತ್ತ ಜನ ನಿಂತಿದ್ದರು. ಅವನು ಅವಳನ್ನು ಕಂಡು ಹೆದರಿ, ಬಿಸಿ ದಪಾಟಿಯೊಂದನ್ನು ಎಲೆಯ ಮೇಲಿಟ್ಟು ಮುಂದೆ ಹಿಡಿದ. ಶಂಕ್ರೆವ್ವ ನಿಂತೇ ತಿಂದಳು.

"ಉಪ್ಪ ಕಡಿಮಿ ಆಗೈತಿ," ಎಂದಳು. ಎಲೆ ಮತ್ತೆ ಮುಂದೆ ಚಾಚಿದಳು. "ಇನ್ನೊಂದ ಹಾಕು."