ಬಟ್ಟೆ ಒಣಗುವ ಬೀದಿ

ನಮ್ಮ ದೊಡ್ಡಮ್ಮನದು ಇಸ್ತ್ರಿ ಅಂಗಡಿ. ಆ ಕೆಲಸದಿಂದ ನಾಲ್ಕು ದಿನ ಬಿಡುವು ಬೇಕೆಂದು ನನ್ನನ್ನೂ ಎಳೆದುಕೊಂಡು ದೂರದ ನಗರ ನೋಡಲು ಹೊರಟಳು. ನಾನು ಸ್ಟೇಷನ್ ಪಕ್ಕದಲ್ಲೇ ಒಳ್ಳೆಯ ರೂಮು ನೋಡಿಟ್ಟಿದ್ದೆ. ದೊಡ್ಡಮ್ಮ ಬಾಗಿಲಲ್ಲೇ ನಿಂತು ತಲೆಯೆತ್ತಿ ನೋಡಿ ಮೂಗು ಮುರಿದಳು.

"ಒಂದು ಬಾಲ್ಕನೀಲೂ ಬಟ್ಟೆ ಒಣಗ್ತಿಲ್ಲ. ಸಂಸಾರಸ್ಥರೇ ಇಲ್ಲದ ಬೀದೀಲಿ ನಾನಿರಲ್ಲ ಕಣೇ."

ಅವಳು ಹಟ ಹಿಡಿದರೆ ಮುಗಿಯಿತು. ಚೀಲ ಹೊತ್ತು, ಕತ್ತು ನೋಯುವಷ್ಟು ಮೇಲೆ ನೋಡುತ್ತಾ ಬೀದಿ ಬೀದಿ ಅಲೆದೆವು. ಕೊನೆಗೊಂದು ಓಣಿಯಲ್ಲಿ ಮಹಡಿ ಮಹಡಿಗೂ ಬೆಳ್ಳನೆಯ ಚಾದರಗಳು ಗಾಳಿಗೆ ಪಟಪಟಿಸುತ್ತಿದ್ದವು.

"ನೋಡು, ಎಂಥ ಅಚ್ಚುಕಟ್ಟು ಜನ!" ದೊಡ್ಡಮ್ಮನ ಮುಖ ಅರಳಿತು. ಅಲ್ಲೇ ರೂಮು ಹಿಡಿದೆವು.

ಬೆಳಗಾದಾಗ ಗುಟ್ಟು ರಟ್ಟಾಯಿತು. ಊರಿನ ಲಾಡ್ಜುಗಳ ಚಾದರಗಳನ್ನೆಲ್ಲ ಒಗೆದು ಒಣಗಿಸುವ ಓಣಿಯಂತೆ ಅದು! ಸ್ನಾನ ಮುಗಿಸಿ ಕೆಳಗಿಳಿದರೆ, ದೊಡ್ಡಮ್ಮ ಯಾರದೋ ಮನೆಯ ಮೇಜಿನ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಇಸ್ತ್ರಿ ಹಾಕುತ್ತಿದ್ದಾಳೆ. ಆ ಮನೆಯಾಕೆ ಪಕ್ಕದಲ್ಲಿ ಕೂತು ಹರಟುತ್ತಿದ್ದಾಳೆ.

"ದೊಡ್ಡಮ್ಮ, ನಾವು ಬಂದಿದ್ದು ಊರು ನೋಡೋಕೆ!"

"ಊರಿಗೆ ಬಂದೋರೆಲ್ಲ ಮಲಗೆದ್ದ ಚಾದರ ಇಲ್ಲಿಗೇ ಬರುತ್ತೆ. ಇನ್ನೇನು ನೋಡೋದು? ನೀ ಬೇಕಾದ್ರೆ ಹೋಗು" ಎನ್ನುತ್ತಲೇ, ಚಾದರದ ಇನ್ನೊಂದು ತುದಿಯನ್ನು ನನ್ನ ಕೈಗೆ ತುರುಕಿದಳು.