ಮೇಷ್ಟ್ರ ಕನ್ನಡಕ, ನನ್ನ ಕುಜ

ಅವರ ಮೂಗಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಪಾಠ ಮಾಡುವಾಗ ಜಾರಿದ ಕನ್ನಡಕವನ್ನು ಸೀಮೆಸುಣ್ಣ ಹಿಡಿದ ಬೆರಳಿನಿಂದಲೇ ಮೇಲಕ್ಕೆ ತಳ್ಳುತ್ತಿದ್ದರು. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಳಿಸಿಹೋದರೂ ಮೂಗಿನ ಬಿಳಿ ಸಂಜೆ ಬಸ್ಸು ಹತ್ತುವವರೆಗೆ ಉಳಿದಿರುತ್ತಿತ್ತು. ಕನ್ನಡಕದ ಗಾಜು ಮಾತ್ರ ಫಳಫಳ. ತರಗತಿಯಲ್ಲಿ ಯಾರಾದರೂ ಗಲಾಟೆ ಎಬ್ಬಿಸಿದರೆ, ಪ್ರಿನ್ಸಿಪಾಲರು ಎಲ್ಲರೆದುರು ಏನಾದರೂ ಅಂದುಬಿಟ್ಟರೆ, ಅವರು ತಿರುಗಿ ಮಾತಾಡುತ್ತಿರಲಿಲ್ಲ. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಎದುರಿನವರ ಕೋಪವೇ ತಣ್ಣಗಾಗಿರುತ್ತಿತ್ತು. ಇಷ್ಟು ತಂಪು ಮನುಷ್ಯ ನಮ್ಮ ಸುತ್ತಮುತ್ತ ಇನ್ನೊಬ್ಬರಿಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರದ ಮೇಷ್ಟ್ರು. ಮನೆ ತಿ. ನರಸೀಪುರದಲ್ಲಿ. ಅಲ್ಲಿ ಅವರದು ತಲೆಮಾರುಗಳಿಂದ ಜೋಯಿಸರ ಮನೆ. ಅಪ್ಪನಿಂದ ಕಲಿತ ವಿದ್ಯೆ ಬಿಡಬಾರದೆಂದು ಭಾನುವಾರ ಜಗಲಿಯಲ್ಲಿ ಕೂತು ಜಾತಕ ನೋಡುತ್ತಿದ್ದರು. ಹೀಗೆ ಎರಡೂ ಊರಿನವರು ಸೇರಿ ಇಟ್ಟ ಹೆಸರು ಜೋಯಿಸ ಮೇಷ್ಟ್ರು. ವಾರವೆಲ್ಲ ಮನಸ್ಸು, ಭಾನುವಾರ ಗ್ರಹಚಾರ ಎಂದು ಸ್ಟಾಫ್ ರೂಮಿನಲ್ಲಿ ಗೇಲಿ ನಡೆಯುತ್ತಿತ್ತು. ಆ ಗೇಲಿಗೆ ಮೊದಲು ನಗುತ್ತಿದ್ದವರು ಅವರೇ.

ವ್ಯಕ್ತಿತ್ವದ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಡುತ್ತಿದ್ದರು. ಬೋರ್ಡಿನ ಎಡಕ್ಕೆ ಗ್ರೀಕ್ ದೇವರುಗಳು, ಬಲಕ್ಕೆ ನಮ್ಮ ಗ್ರಹಗಳು. ಹರ್ಮೀಸನ ಎದುರಿಗೆ ಬುಧ, ಕ್ರೋನಸನ ಎದುರಿಗೆ ಶನಿ, ಆರೇಸನ ಎದುರಿಗೆ ಕುಜ. ಗ್ರೀಕರು ದೇವರು ಅಂದರು, ನಮ್ಮವರು ಗ್ರಹ ಅಂದರು, ಈಗಿನ ಮನಶ್ಶಾಸ್ತ್ರದವರು ಮೂಲಮಾದರಿ ಅನ್ನುತ್ತಾರೆ, ಮೂರನ್ನೂ ಕಂಡುಕೊಂಡಿದ್ದು ಪಕ್ಕದ ಮನೆಯವರನ್ನು ನೋಡಿಯೇ ಎಂದು ಹೇಳುತ್ತಿದ್ದರು. ಆಮೇಲೆ ನಮ್ಮ ಸರದಿ. ಮುಂದಿನ ಬೆಂಚಿನಲ್ಲಿ ಸದಾ ಪಿಸುಗುಟ್ಟುವವಳು ದೇವರುಗಳ ಸುದ್ದಿ ಒಯ್ಯುವ ಹರ್ಮೀಸ್. ಹಿಂದಿನ ಬೆಂಚಿನಲ್ಲಿ ವಯಸ್ಸಿಗೆ ಮುಂಚೆ ಮುದುಕನಂತೆ ನಿಟ್ಟುಸಿರು ಬಿಡುವವನು ಶನಿ. ನನ್ನ ಬಳಿ ಬಂದಾಗ ಯೋಚಿಸಲೇ ಇಲ್ಲ.

"ನೀನು ಆರೇಸ್ ಕಣಮ್ಮ. ಯುದ್ಧದ ದೇವರು. ಹೆತ್ತವರಿಗೇ ಬೇಡವಾದವನು."

ತರಗತಿ ಗೊಳ್ಳೆಂದಿತು. ನನಗೆ ಉರಿದುಹೋಯಿತು. ಅವನ ಕಥೆಯನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಅದೇ ಅವನ ಕಷ್ಟ ಎಂದು ಇನ್ನೊಂದು ಮಾತು ಸೇರಿಸಿ ಅವರು ಮುಂದಕ್ಕೆ ಹೋದರು.

ಅವರು ಅಂದಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಕೋಪ ನಮ್ಮೂರು ಹುಲ್ಲಹಳ್ಳಿಯ ಕಡೆಯೆಲ್ಲ ಹೆಸರುವಾಸಿ. ಕೊನೆಯ ವರ್ಷದಲ್ಲಿ ಅದಕ್ಕೆ ಸರಿಯಾದ ಸಾಕ್ಷಿಯೂ ಸಿಕ್ಕಿತು. ಬೆಳಗಿನ ಬಸ್ಸಿನಲ್ಲಿ ಪಿಯುಸಿ ಹುಡುಗಿಯೊಬ್ಬಳ ಹಿಂದೆ ನಿಂತವನೊಬ್ಬ ಅವಳ ಮೈಗೆ ಕೈ ಹಚ್ಚುತ್ತಿದ್ದ. ಆ ಮಗು ಕಣ್ಣಲ್ಲಿ ನೀರು ತುಂಬಿಕೊಂಡು ಸರಿಯುತ್ತಿತ್ತು, ಅವನೂ ಸರಿಯುತ್ತಿದ್ದ. ನಾನು ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ನಾನು ನಂಜನಗೂಡಿನಲ್ಲಿ ಇಳಿಯುವ ಮೊದಲೇ ಸುದ್ದಿ ಮನೆ ತಲುಪಿತ್ತು. ಅಜ್ಜಿ, ಅಮ್ಮ, ಬಸ್ಸಿನವರು, ಗೆಳತಿಯರು, ಎಲ್ಲರೂ ಕೇಳಿದ್ದು ಯಾಕೆ ಹೊಡೆದೆ ಎಂದು. ಮೇಷ್ಟ್ರು ಮಾತ್ರ ಕಾರಿಡಾರಿನಲ್ಲಿ ನಿಲ್ಲಿಸಿ ಬೇರೆಯೇ ಕೇಳಿದರು.

"ಯಾರಿಗೋಸ್ಕರ ಹೊಡೆದೆ?"

ಅವಳ ಹೆಸರು ಗೊತ್ತಿಲ್ಲ ಸರ್ ಅಂದೆ. ತಲೆಯಾಡಿಸಿ, ಹೋಗಿ ಕೂತ್ಕೋ ಅಂದರು. ಅಷ್ಟೇ. ಆದರೆ ಆ ಬೆಳಗ್ಗೆಯಿಂದ ಮೊದಲ ಸಲ ತಲೆಯೆತ್ತಿಕೊಂಡು ತರಗತಿಗೆ ನಡೆದೆ.

ಆಗ ನನಗೊಂದು ಸಂಬಂಧ ಗೊತ್ತಾಗುವುದರಲ್ಲಿತ್ತು. ಹುಡುಗಿಯ ಕೈ ಮುಂದು ಎಂದು ಕೇಳಿದ ಗಂಡಿನ ಕಡೆಯವರು ಜಾತಕ ಕಳಿಸಿ, ನೋಡೋಣ ಅಂದರು. ನಮ್ಮ ಅಜ್ಜಿಗೆ ಎದೆ ಒಡೆದಂತಾಯಿತು. ನನ್ನ ಜಾತಕದ ಏಳನೇ ಮನೆಯಲ್ಲಿ, ಅಂದರೆ ಮದುವೆಯ ಮನೆಯಲ್ಲಿ, ಕುಜ ಕೂತಿದ್ದಾನೆ. ಕುಜದೋಷದ ಹುಡುಗಿಯನ್ನು ಕಟ್ಟಿಕೊಂಡವನು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಜ್ಜಿ ಅಪ್ಪನನ್ನೂ ನನ್ನನ್ನೂ ಹೊರಡಿಸಿಕೊಂಡು ಭಾನುವಾರ ಜೋಯಿಸ ಮೇಷ್ಟ್ರ ಜಗಲಿಗೆ ಬಂದರು. ಅಪ್ಪ ಕಾಲುವೆ ನೀರಿನ ಗದ್ದೆ, ದನ, ಬೀಡಿ ಬಿಟ್ಟರೆ ಮಾತಿಗೆ ಸಿಕ್ಕುವವನಲ್ಲ. ಕಂಬಕ್ಕೆ ಒರಗಿ ಕೂತ.

ಅಜ್ಜಿಯ ಬೇಡಿಕೆ ಹೊಸದೇನಲ್ಲ. ಎಷ್ಟೋ ಮನೆಗಳಲ್ಲಿ ನಡೆದದ್ದೇ. ಮದುವೆಗೆಂದೇ ದೋಷವಿಲ್ಲದ ಒಂದು ಬೇರೆ ಜಾತಕ ಬರೆಸುತ್ತಾರೆ.

"ಕುಜನ್ನ ಒಂದ್ ಮನೆ ಇಂದಕ್ ಇಟ್ಬುಡಿ ಸ್ವಾಮಿ, ಆರ್ನೇ ಮನೆಗೆ. ಯಾರ್ಗ್ ಗೊತ್ತಾಯ್ತದೆ?"

ಮೇಷ್ಟ್ರು ಕನ್ನಡಕ ತೆಗೆದರು. ಅವರು ಅಷ್ಟು ಹೊತ್ತು ಒರೆಸಿದ್ದನ್ನು ನಾನು ಕಾಲೇಜಿನಲ್ಲೂ ನೋಡಿರಲಿಲ್ಲ. ಕೊನೆಗೆ ಅಜ್ಜಿಯ ಕಡೆ ತಿರುಗಿದರು.

"ಬರೆದುಕೊಡ್ತೀನಿ ತಾಯಿ, ಕಷ್ಟದ ಕೆಲಸ ಅಲ್ಲ. ಆದರೆ ಆಮೇಲೆ ಇವಳು ಬದುಕಿರೋವರೆಗೂ ಬೇರೆ ಯಾರದೋ ಜಾತಕದಲ್ಲಿ ಸಂಸಾರ ಮಾಡಬೇಕಾಗುತ್ತೆ. ಅದು ನಿಮಗೆ ಒಪ್ಪಿಗೆಯಾ?"

ಅಜ್ಜಿಗೆ ಅದು ಹಿಡಿಸಲಿಲ್ಲ. ಹಾಗಾದರೆ ಇಲ್ಲೇ ಹೊಳೆಗಳ ಸಂಗಮದಲ್ಲಿ ಕುಂಭವಿವಾಹವನ್ನಾದರೂ ಮಾಡಿಸಿಕೊಡಿ ಅಂದರು. ಅಂದರೆ ಹುಡುಗಿಗೆ ಮೊದಲು ಒಂದು ಮಡಕೆಯ ಜೊತೆ ಮದುವೆ. ಆಮೇಲೆ ಆ ಮಡಕೆಯನ್ನು ಒಡೆದು ನೀರಿಗೆ ಬಿಟ್ಟರೆ ದೋಷ ಅದರ ಜೊತೆಗೆ ಹೋಯಿತು. ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ. ಬೇರೆ ಪುರೋಹಿತರು ಬೇಕಾದಷ್ಟಿದ್ದಾರೆ ಎಂದು ಅಜ್ಜಿ ಸೆರಗು ಕೊಡವಿ ಎದ್ದರು. ಮೇಷ್ಟ್ರು ಅಜ್ಜಿಯನ್ನೂ ನನ್ನನ್ನೂ ಕಾಫಿಗೆಂದು ಒಳಗೆ ತಮ್ಮ ಹೆಂಡತಿಯ ಹತ್ತಿರ ಕಳಿಸಿ, ಅಪ್ಪನನ್ನು ಜಗಲಿಯಲ್ಲೇ ಉಳಿಸಿಕೊಂಡರು.

ನಾನು ಬಾಗಿಲ ಸಂದಿಯಲ್ಲಿ ನಿಂತೆ. ನನ್ನ ಅಪ್ಪನಿಗೆ ಅವರು ಆರೇಸನ ಉಳಿದ ಕಥೆ ಹೇಳುತ್ತಿದ್ದರು.

"ಅವನಿಗೊಬ್ಬಳು ಮಗಳಿದ್ದಳು ಯಜಮಾನ್ರೆ. ಸಮುದ್ರದ ದೇವರ ಮಗ ಅವಳ ಮೈಮೇಲೆ ಕೈ ಹಾಕಿದ. ಇವನು ಹೋಗಿ ಅವನನ್ನ ಕೊಂದುಹಾಕಿದ. ದೇವರುಗಳೆಲ್ಲ ಗುಡ್ಡದ ಮೇಲೆ ಸೇರಿ ವಿಚಾರಣೆ ಮಾಡಿದ್ರು. ಇವನು ಓಡಿಹೋಗಲಿಲ್ಲ, ನಿಂತ. ತಪ್ಪಿಲ್ಲ ಅಂತ ಅವರೇ ಬಿಟ್ಟುಕಳಿಸಿದ್ರು. ಯುದ್ಧ ಮಾಡೋನೂ ಅವನೇ, ಮಗಳ ಪರ ನಿಲ್ಲೋನೂ ಅವನೇ. ಕುಜ ಅಂದ್ರೆ ಇಷ್ಟೇ ನನಗೆ ಗೊತ್ತಿರೋದು."

 ಅಪ್ಪ ಬೀಡಿ ಹಚ್ಚಲು ಕೈಗೆತ್ತಿಕೊಂಡು ಮತ್ತೆ ಜೇಬಿಗೆ ಹಾಕಿಕೊಂಡ. ಊರಿಗೆ ಹೋಗುವ ಬಸ್ಸು ಹತ್ತಿದೆವು. ಮೇಷ್ಟ್ರು ನನ್ನ ಕೈಬಿಟ್ಟರು, ಗಂಡಸಿಗೊಂದು ಕಥೆ ಹೇಳಿ ಕಳಿಸಿದರು ಎಂದು ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಹತ್ತಿರದ ಒಂದು ಒಳ್ಳೆ ದಿನ ನೋಡಿ ಅಜ್ಜಿ ನಮ್ಮನ್ನು ಸಂಗಮಕ್ಕೆ ಕರೆದೊಯ್ದರು. ಪುರೋಹಿತರು ಹೊಸ ಮಡಕೆಗೆ ಅರಿಶಿನದ ದಾರ ಸುತ್ತಿ, ಬಾಸಿಂಗ ಕಟ್ಟಿ, ನನ್ನ ಎದುರಿಗೆ ಇಟ್ಟರು. ನಾನು ರೇಷ್ಮೆ ಸೀರೆಯಲ್ಲಿ ಆ ಮಡಕೆಯ ಮುಖ ನೋಡುತ್ತ ಕೂತಿದ್ದೆ. ಇಂಥ ಅವಮಾನ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಮಂತ್ರ ಶುರುವಾಗುವ ಹೊತ್ತಿಗೆ ಹಿಂದೆ ನಿಂತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡ.

"ಇದನ್ನ ಆಮೇಕೆ ಒಡೀಲೇಬೇಕಾ ಸ್ವಾಮಿ?"

ಒಡೆಯದೆ ದೋಷ ಕಳೆಯುವುದು ಹೇಗೆ ಎಂದರು ಪುರೋಹಿತರು.

"ಅಂಗಾದ್ರೆ ನನ್ ಮಗಳ ಕೈ ಇಡ್ದೋನು ಸಾಯ್ತಾನೆ ಅಂತ ನಾನೇ ಒಪ್ಕೊಂಡಂಗಾಯ್ತು. ಬ್ಯಾಡಿ. ಏಳವ್ವ."

ಅಜ್ಜಿ ಎಷ್ಟು ಬೈದರೂ ಅಪ್ಪ ಜಗ್ಗಲಿಲ್ಲ. ಪುರೋಹಿತರಿಗೆ ಕೈಮುಗಿದು ದಕ್ಷಿಣೆ ಕೊಟ್ಟ. ದುಡ್ಡು ಕೊಟ್ಟ ಮಡಕೆ ಯಾಕೆ ಬಿಡಬೇಕೆಂದು ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಅದರಲ್ಲಿ ನಮ್ಮ ಮನೆಯವರು ಎಷ್ಟೋ ಬೇಸಿಗೆ ತಣ್ಣನೆ ನೀರು ಕುಡಿದೆವು. ಆ ಸಂಬಂಧ ಮುರಿಯಿತು, ಮುರಿಯಬೇಕಾದ್ದೇ. ನಾನು ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ, ಆಪ್ತಸಮಾಲೋಚಕಿಯಾದೆ. ಮುಂದೆ ಒಬ್ಬರು ನೋಡಲು ಬಂದಾಗ ಏಳನೇ ಮನೆಯ ಕುಜನನ್ನೂ ಬಸ್ಸಿನ ಏಟನ್ನೂ ನಾನೇ ಹೇಳಿದೆ. ಯಾವ ಕೆನ್ನೆಗೆ ಎಂದು ಕೇಳಿದರು. ಅವರನ್ನೇ ಮದುವೆಯಾದೆ. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ.

ಮೇಷ್ಟ್ರು ನಿವೃತ್ತರಾದ ಮೇಲೆ ಹಾಸಿಗೆ ಹಿಡಿದರೆಂದು ಕೇಳಿ ನಾನು ರಸಬಾಳೆ ತೆಗೆದುಕೊಂಡು ನರಸೀಪುರಕ್ಕೆ ಹೋದೆ. ಮೂಗಿನ ಮೇಲೆ ಸೀಮೆಸುಣ್ಣವಿಲ್ಲದ ಆ ಮುಖ ನನಗೆ ಹೊಸದಾಗಿ ಕಂಡಿತು. ನೀವು ಅವತ್ತು ಜಾತಕ ತಿದ್ದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಸರ್ ಅಂದೆ. ಅವರು ನಕ್ಕು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನನ್ನದನ್ನ ತಿದ್ದಿದ್ರು ಕಣಮ್ಮ. ನಮ್ಮಪ್ಪನೇ. ನಿನ್ನ ಥರಾನೇ ಏಳನೇ ಮನೆ ಕುಜ. ಹುಡುಗ ಬಹಳ ಶಾಂತ ಅಂತ ನಂಬಿ ನಮ್ಮ ಮಾವ ಹೆಣ್ಣು ಕೊಟ್ಟರು. ಎಲ್ಲಾದ್ರೂ ಜೋರು ಮಾತಾಡಿದ್ರೆ ಅಪ್ಪನ ಸುಳ್ಳು ಹೊರಗೆ ಬಿದ್ದುಹೋಗುತ್ತೆ ಅಂತ ಭಯ. ಅದಕ್ಕೇ ಕನ್ನಡಕ ಒರೆಸ್ದೆ. ಬದುಕೆಲ್ಲ ಒರೆಸ್ದೆ."

 ನಾವು ನಂಬಿದ್ದ ಆ ತಂಪು ಮನುಷ್ಯ ಯಾರ ಜಾತಕದಲ್ಲಿ ಬದುಕುತ್ತಿದ್ದರು ಎಂಬುದು ಆಗ ತಿಳಿಯಿತು. ನನ್ನ ಅಜ್ಜಿಗೆ ಅವರು ಹೇಳಿದ ಮಾತು ಓದಿ ಕಲಿತದ್ದಾಗಿರಲಿಲ್ಲ. ನಿಮ್ಮ ಮನೆಯವರಿಗೆ ಇದು ಗೊತ್ತೇ ಎಂದು ಕೇಳಿದೆ. ಹೇಳಲು ಧೈರ್ಯ ಬರಲಿಲ್ಲ ಅಂದರು.

ಆ ವರ್ಷವೇ ಅವರು ಹೋದರು. ನಾನು ತಲುಪುವ ಹೊತ್ತಿಗೆ ಜಗಲಿಯ ಮೇಲೆ ಮಲಗಿಸಿದ್ದರು. ಕನ್ನಡಕವಿರಲಿಲ್ಲ. ಮೂಗಿನ ಎರಡೂ ಬದಿಗೆ ಅದರ ಗುರುತು ಮಾತ್ರ ಉಳಿದಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಡಿಲಲ್ಲಿ ಆ ಕನ್ನಡಕವಿತ್ತು.

"ನಾನೇ ತೆಗೆದಿಟ್ಟೆ ಮಗ. ಇನ್ನಾದ್ರೂ ಒರೆಸೋದು ಬೇಡ ಅಂತ. ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು, ಇವರಿಗೆ ಎಷ್ಟು ಕೋಪ ಅಂತ. ಒಂದ್ಸಲ ಬೈದಿದ್ರೆ ಸಾಕಿತ್ತು."

ನಾನು ಅಲ್ಲಿ ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತೆ.

ನನ್ನ ಗುರುಗಳು ತಾವು ಬದುಕಲಾಗದ ಜಾತಕವನ್ನು ನನಗೆ ಉಳಿಸಿಕೊಟ್ಟರು.  ಈಗ ನನ್ನ ಕೋಣೆಗೆ ತಾಯಂದಿರು ಹೆಣ್ಣುಮಕ್ಕಳನ್ನು ಎಳೆದುಕೊಂಡು ಬರುತ್ತಾರೆ. ಇವಳಿಗೆ ಕೋಪ ಜಾಸ್ತಿ ಮೇಡಂ, ಕಡಿಮೆ ಮಾಡಿಕೊಡಿ ಅನ್ನುತ್ತಾರೆ. ತಾಯಿಯನ್ನು ಹೊರಗೆ ಕೂರಲು ಹೇಳುತ್ತೇನೆ. ಹುಡುಗಿ ಮುಖ ಗಂಟುಹಾಕಿಕೊಂಡು, ಯಾಕೆ ಎಂಬ ಪ್ರಶ್ನೆಗೆ ಸಿದ್ಧವಾಗಿ ಕೂತಿರುತ್ತಾಳೆ. ನಾನು ಅದನ್ನು ಕೇಳುವುದಿಲ್ಲ.

"ಯಾರಿಗೋಸ್ಕರ ಕೋಪ ಬಂತು, ಹೇಳು" ಅನ್ನುತ್ತೇನೆ.